ಮಡ್ಡಿ ವಾಟರ್ಸ್

1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ವಾದ್ಯಗೋಷ್ಠಿಯು 2023ರ ಅಕ್ಟೋಬರಿನಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಎಂಬತ್ತರ ಆಸುಪಾಸಿನಲ್ಲಿದ್ದ ಅದರ ಮುಖ್ಯರು ಅದನ್ನು ವಿನೈಲ್ ತಟ್ಟೆಯಾಗಿಯೂ ಅಚ್ಚು ಹಾಕಿಸಿದರು. ಅದರ ಕೊನೆಯ ಹಾಡು ಮಾತ್ರ ಅವರದಲ್ಲ. ಅವರಿಗೆ ಹೆಸರನ್ನೇ ಕೊಟ್ಟ ಹಾಡು ಅದು. 1950ರಲ್ಲಿ ಅದನ್ನು ತಟ್ಟೆಗೆ ಹಾಡಿದ್ದವನು ಅಮೆರಿಕದ ಹತ್ತಿಯ ಹೊಲಗಳಲ್ಲಿ ಕೂಲಿಮಾಡಿ ಬಂದ ಮಡ್ಡಿ ವಾಟರ್ಸ್.

ಈತನ ನಿಜನಾಮ ಮಕಿನ್ಲಿ ಮಾರ್ಗನ್‌ಫೀಲ್ಡ್. ಹುಟ್ಟಿದ್ದು ಮಿಸಿಸಿಪಿ ರಾಜ್ಯದ ಕಪ್ಪು ಜನರ ಬಡ ಕುಟುಂಬವೊಂದರಲ್ಲಿ. ಜನ್ಮವರ್ಷ 1913 ಎಂದೂ 1915 ಎಂದೂ ಹೇಳುವುದುಂಟು. ಅಂಥ ಮನೆಯಲ್ಲಿ ಜಾತಕ ಬರೆದಿಡುವವರು ಯಾರು? ಎಳವೆಯಲ್ಲಿಯೇ ತಾಯಿ ತೀರಿಕೊಂಡಳು. ಸಾಕಿದವಳು ಅಜ್ಜಿ. ಮಗು ಸದಾ ಕೆಸರಿನಲ್ಲಿ ಆಡುತ್ತಿದ್ದುದರಿಂದ ‘ಮಡ್ಡಿ’ ಎಂದು, ಅಂದರೆ ಕೆಸರ ಎಂದು, ಅವಳು ಕರೆದಳು. ‘ವಾಟರ್ಸ್’ ಆಮೇಲೆ ಸೇರಿಕೊಂಡಿತು.

ಸ್ಟೋವಾಲ್ ಎಂಬ ಜಮೀನುದಾರರ ಹೊಲಗಳಲ್ಲಿ ಅವರ ಬದುಕು. ನಮ್ಮ ಕಡೆ ವಾರ, ಕೋರು ಎನ್ನುವಂಥದೇ ಪದ್ಧತಿ. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿರುವಾಗ ಸಾಲ ತೀರುವ ಬಗೆ ಹೇಗೆಂಬುದನ್ನು, ಕೂಲಿಯವರ ಮನೆಗಳಿಂದ ಈ ಕಾಲೇಜಿಗೆ ಬಂದಿರುವ ನಮ್ಮಲ್ಲಿ ಅನೇಕರಿಗೆ ವಿವರಿಸಬೇಕಾಗಿಲ್ಲ. ಶಾಲೆಯ ಓದು ಬೇಗನೆ ನಿಂತಿತು. ಕುದುರೆಯೊಂದನ್ನು ಮಾರಿ, ಬಂದ ಹಣದಲ್ಲಿ ಅರ್ಧವನ್ನು ಅಜ್ಜಿಗೆ ಕೊಟ್ಟು, ಎರಡೂವರೆ ಡಾಲರಿಗೆ ಗಿಟಾರ್ ಕೊಂಡನಂತೆ. ಬಾಟಲಿಯ ಕತ್ತನ್ನು ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸಿ ನುಡಿಸುವ ಬ್ಲೂಸ್ ಕ್ರಮವನ್ನು ಸನ್ ಹೌಸ್ ಮೊದಲಾದ ಹಿರಿಯರನ್ನು ನೋಡಿ ಕಲಿತನು.

1941ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪರವಾಗಿ ಅಲನ್ ಲೋಮ್ಯಾಕ್ಸ್ ಎಂಬ ಬಿಳಿಯನು ಜಾನಪದ ಹಾಡುಗಳನ್ನು ಸಂಗ್ರಹಿಸುತ್ತಾ ಆ ಊರಿಗೆ ಬಂದನು. ಗುಟ್ಟಾಗಿ ಕಳ್ಳಭಟ್ಟಿ ಮಾರುತ್ತಿದ್ದ ಮಡ್ಡಿ, ತನ್ನನ್ನು ಹಿಡಿಯಲು ಸರ್ಕಾರದವರು ಬಂದರೆಂದು ಮೊದಲು ಹೆದರಿದನು! ಲೋಮ್ಯಾಕ್ಸ್ ಅವನ ಮನೆಯಲ್ಲಿಯೇ ಯಂತ್ರವಿಟ್ಟು ಹಾಡಿಸಿ, ಮುದ್ರಿಸಿಕೊಂಡು, ಕೂಡಲೇ ತಿರುಗಿ ಕೇಳಿಸಿದನು. ತನ್ನ ದನಿಯನ್ನು ತಾನೇ ಕೇಳಿದ ಆ ಗಳಿಗೆ, ನನ್ನ ದೃಷ್ಟಿಯಲ್ಲಿ, ಮಡ್ಡಿಯ ಎರಡನೆಯ ಹುಟ್ಟು. ಮುಂದೆ 20 ಡಾಲರಿನ ಚೆಕ್ಕೂ ತಟ್ಟೆಯ ಎರಡು ಪ್ರತಿಗಳೂ ಬಂದವು. ಒಂದನ್ನು ಊರಿನ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯಲ್ಲಿಟ್ಟು, ಮತ್ತೆ ಮತ್ತೆ ಹಾಕಿಸಿ ಕೇಳಿದನು.

ಅಂಥವನಿಗೆ ಹೊಲದಲ್ಲಿ ಸಿಗುತ್ತಿದ್ದ ಕೂಲಿ ಗಂಟೆಗೆ 22.5 ಸೆಂಟು. 1943ರಲ್ಲಿ 25 ಸೆಂಟು ಕೇಳಿದನು. ಮೇಲ್ವಿಚಾರಕನು ಸಿಟ್ಟಾಗಿ ನಿರಾಕರಿಸಿದನು. ಮಡ್ಡಿ ಷಿಕಾಗೋ ರೈಲು ಹತ್ತಿದನು. ಆ ಎರಡೂವರೆ ಸೆಂಟನ್ನು ಉಳಿಸಿದವನಿಗೆ ತಾನು ಕಳಕೊಂಡದ್ದೇನೆಂದು ಎಂದಾದರೂ ತಿಳಿಯಿತೋ ಇಲ್ಲವೋ.

ನಗರದಲ್ಲಿ ಹಗಲು ಕಾಗದದ ಕಾರ್ಖಾನೆ, ಲಾರಿ ಚಾಲನೆ, ರಾತ್ರಿ ಹಾಡು. ಹೆಂಡದಂಗಡಿಗಳ ಗದ್ದಲದಲ್ಲಿ ಮರದ ಗಿಟಾರ್ ಕೇಳಿಸದಾಗಿ, ವಿದ್ಯುತ್ ಗಿಟಾರ್ ಹಿಡಿದನು. ಹಳ್ಳಿಯ ಬ್ಲೂಸ್ ಹೀಗೆ ಪಟ್ಟಣದ ಬ್ಲೂಸ್ ಆಯಿತು. 1948ರಲ್ಲಿ ಹೊರಬಂದ ತಟ್ಟೆ ಎಷ್ಟು ಬೇಗ ಖರ್ಚಾಯಿತೆಂದರೆ, ಕೊಳ್ಳಲು ಹೋದ ಮಡ್ಡಿಗೇ ಅಂಗಡಿಯವನು ಒಂದಕ್ಕಿಂತ ಹೆಚ್ಚು ಪ್ರತಿ ಕೊಡಲಿಲ್ಲವಂತೆ.

ಅರಗಿನ ತಟ್ಟೆಗಳ ಈ ಹಾಡುಗಳಲ್ಲಿ ಹನ್ನೆರಡನ್ನು 1958ರಲ್ಲಿ ಒಂದೇ ವಿನೈಲ್ ತಟ್ಟೆಗೆ ಸೇರಿಸಲಾಯಿತು. 1961ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲುನಿಲ್ದಾಣದಲ್ಲಿ ಮಿಕ್ ಜ್ಯಾಗರ್ ಎಂಬ ವಿದ್ಯಾರ್ಥಿಯ ಕಂಕುಳಲ್ಲಿ ಆ ತಟ್ಟೆಯನ್ನು ಕಂಡು ಕೀತ್ ರಿಚರ್ಡ್ಸ್ ಮಾತಿಗಿಳಿದನು. ಮರುವರ್ಷ ಅವರ ಗೋಷ್ಠಿಗೆ ಹೆಸರು ಬೇಕಾದಾಗ ಒದಗಿದ್ದು ಅದರೊಳಗಿನ ಹಾಡಿನದೇ.

ಶಿಷ್ಯರು ಕೋಟ್ಯಧೀಶರಾದರು. ಗುರುವೋ, ತನ್ನ ಹಾಡುಗಳಿಂದ ಬರಬೇಕಾದ ಹಣಕ್ಕಾಗಿ 1970ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. 1981ರ ನವೆಂಬರಿನಲ್ಲಿ ಷಿಕಾಗೋವಿನ ಚಿಕ್ಕ ಕ್ಲಬ್ಬೊಂದರಲ್ಲಿ ಮಡ್ಡಿ ಹಾಡುತ್ತಿದ್ದಾಗ ರೋಲಿಂಗ್ ಸ್ಟೋನ್ಸ್ ಗಾಯಕರು ಬಂದು ಅವನೊಡನೆ ವೇದಿಕೆಯೇರಿದರು. 1983ರ ಏಪ್ರಿಲ್ 30ರಂದು ಅವನು ನಿದ್ರೆಯಲ್ಲಿಯೇ ತೀರಿಕೊಂಡನು. ಅಜ್ಜಿಯೊಡನೆ ಬಾಳಿದ ಮರದ ಮನೆಯ ಉಳಿದ ಭಾಗವನ್ನು ಕ್ಲಾರ್ಕ್ಸ್‌ಡೇಲ್ ಪಟ್ಟಣದ ಡೆಲ್ಟಾ ಬ್ಲೂಸ್ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ.