ತಿಪ್ಪೆಯ ಬೆಲೆ ತಿಳಿಸಿದ ಸರ್ ಆಲ್ಬರ್ಟ್ ಹೊವಾರ್ಡ್



ಗೊಬ್ಬರದ ಸಾಲಕ್ಕೆಂದು ಸಂಘದ ಮೆಟ್ಟಿಲು ಹತ್ತುವ ನಾವೇ, ಸುಗ್ಗಿ ಮುಗಿದೊಡನೆ ಹತ್ತಿಕಡ್ಡಿಗೂ ಕಬ್ಬಿನ ರವದಿಗೂ ಬೆಂಕಿ ಇಡ್ತೀವಿ. ಹೀಗೆ ಸುಡುವುದು ಗೊಬ್ಬರವನ್ನೇ ಸುಟ್ಟಂತೆ ಎಂದು ತೋರಿಸಿಕೊಟ್ಟ ಮಹನೀಯರೊಬ್ಬರನ್ನು ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಹೊವಾರ್ಡ್ ಹುಟ್ಟಿದ್ದು 1873ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಷೈರ್ ಸೀಮೆಯ ಒಕ್ಕಲು ಮನೆತನದಲ್ಲಿ. ಕೇಂಬ್ರಿಡ್ಜಿನಲ್ಲಿ ಓದಿ, 1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಸಸ್ಯವಿಜ್ಞಾನಿಯಾಗಿ ಬಂದರು. ಪತ್ನಿ ಗೇಬ್ರಿಯೆಲ್ ಅವರೂ ವಿಜ್ಞಾನಿ. ಇಬ್ಬರೂ ಸೇರಿ ಉತ್ತಮ ಗೋಧಿ ತಳಿಗಳನ್ನು ಕೊಟ್ಟರು. ಬೇಸಾಯ ಕಲಿಸಲು ಬಂದ ದೊರೆಗಳು ಸುತ್ತಲಿನ ರೈತರನ್ನೇ ಗುರುಗಳೆಂದುಕೊಂಡದ್ದು ಅವರ ದೊಡ್ಡತನ. ತಳಿ ಎಷ್ಟೇ ಒಳ್ಳೇದಿದ್ರೂ ಮಣ್ಣಲ್ಲಿ ಸಾರ ಇಲ್ಲದಿದ್ರೆ ಫಲವಿಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು.

1924ರಲ್ಲಿ ಇಂದೂರಿಗೆ ಬಂದರು. ಸಗಣಿಯಲ್ಲಿ ಬಹುಪಾಲು ಬೆರಣಿಯಾಗಿ ಒಲೆ ಸೇರುತ್ತಿತ್ತು. ಉಳಿದ ಸ್ವಲ್ಪ ಸಗಣಿಯಿಂದಲೇ ರಾಶಿ ಕಸವನ್ನು ಗೊಬ್ಬರ ಮಾಡೋದು ಹೇಗೆ? ಯಶವಂತ ವಾಡ್ ಎಂಬ ಸಹೋದ್ಯೋಗಿಯೊಡನೆ ಅವರು ಉಪಾಯ ಹುಡುಕಿದರು. ಗಟ್ಟಿ ಹತ್ತಿಕಡ್ಡಿಯನ್ನು ದಾರಿಗೆ ಹರಡಿ ಗಾಡಿ ಚಕ್ರಗಳಿಂದ ನುರಿಸಿದರು. ಕಳೆ, ತರಗು, ದಂಟುಗಳನ್ನು ದನಗಳ ಕಾಲಡಿ ಹಾಸಿದರು. ಆಮೇಲೆ ಆಳವಲ್ಲದ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಗಂಜಲ ಕುಡಿದ ಮಣ್ಣು, ಬೂದಿ, ಸಗಣಿ ಬಗ್ಗಡ ಚಿಮುಕಿಸಿದರು. ತೇವ ಆರಬಾರದು, ಗಾಳಿ ಆಡಬೇಕು. ಮೂರು ಸಲ ಮಗುಚಿದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಇದೇ ಹೆಸರಾದ ಇಂದೂರು ಪದ್ಧತಿ.

ಕೆಲಸ ಕೈಗೂಡುತ್ತಿದ್ದಾಗಲೇ, 1930ರಲ್ಲಿ ಗೇಬ್ರಿಯೆಲ್ ತೀರಿಕೊಂಡರು. ಇಪ್ಪತ್ತೈದು ವರ್ಷ ಜೊತೆಗೆ ದುಡಿದ ಜೀವ. ಮರುವರ್ಷ ಹೊವಾರ್ಡ್ ತಾಯ್ನಾಡಿಗೆ ಮರಳಿದರು. ಪದ್ಧತಿಯನ್ನು ವಿವರಿಸುವ ಪುಸ್ತಕ ಅದೇ 1931ರಲ್ಲಿ ಹೊರಬಂತು. 1934ರಲ್ಲಿ ಸರ್ ಪದವಿ ಬಂತು. ರಾಸಾಯನಿಕ ಗೊಬ್ಬರವೊಂದನ್ನೇ ನಂಬಬೇಡಿ ಎಂದು ಕಡೆತನಕ ವಾದಿಸಿದರು, ವಿಜ್ಞಾನಿಗಳ ವಿರೋಧವನ್ನೂ ಕಟ್ಟಿಕೊಂಡರು. 1947ರಲ್ಲಿ ನಿಧನರಾದರು.

ಮಗುಚುವ ಕೂಲಿ ಯಾರು ಕೊಡ್ತಾರೆ ಅಂತ ನೀವು ಕೇಳಬಹುದು. ಅದಕ್ಕೂ ನಮ್ಮ ನಾಡಲ್ಲೇ ಉತ್ತರವಿದೆ. 1939ರಲ್ಲಿ ಡಾ. ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಗುಂಡಿ ತುಂಬಿ ಮಣ್ಣು ಮೆತ್ತಿದರೆ ಸಾಕು, ಮಗುಚುವ ಕೆಲಸವಿಲ್ಲ. ಆದರೆ ಆರೆಂಟು ತಿಂಗಳು ಕಾಯಬೇಕು.

ಸಾಲಕ್ಕೆ ಜಾಮೀನು ಬೇಕು, ಗುಂಡಿ ತೋಡಲು ಯಾರ ಜಾಮೀನೂ ಬೇಡ. ಈ ಸುಗ್ಗಿಯಿಂದಾದರೂ ಬೆಂಕಿಪೊಟ್ಟಣ ಬದಿಗಿಟ್ಟು ಗುದ್ದಲಿ ಹಿಡಿಯೋಣ.