ಚಿಕ್ಕವರಿಗೆ ಬರೆದು ದೊಡ್ಡವರಾದ ಪಂಜೆ ಮೇಷ್ಟ್ರು

ಪದವಿ ಮುಗಿಸಿ, ಅಬ್ಬೆತುಮಕೂರಿನಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಜೊತೆಗೆ ಬರವಣಿಗೆಯ ಹುಚ್ಚೂ ಇದೆ. ಕೌದಿ ಹೊಲಿಯುವ ಅಜ್ಜಿಯರು, ಕುಂಬಾರರ ತಿಗರಿ, ಸುರಪುರದ ಚಿತ್ರಕಲೆ ಹೀಗೆ ನಮ್ಮ ಸೀಮೆಯ ಕೈಕಸುಬುಗಳ ಬಗ್ಗೆ ಸಣ್ಣ ಲೇಖನ ಬರೆಯುತ್ತೇನೆ. ಮುಂದೆ ಮಕ್ಕಳಿಗೆ ಚಿತ್ರಪುಸ್ತಕ ಬರೆಯುವ ಆಸೆ. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಮನೆಯವರು ಕೇಳುತ್ತಾರೆ. ಆಗೆಲ್ಲ ನನಗೆ ನೆನಪಾಗುವವರು ಪಂಜೆ ಮಂಗೇಶರಾಯರು.

ಅವರು ಹುಟ್ಟಿದ್ದು 1874ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ. ಮನೆಯಲ್ಲಿ ಬಡತನ. ಓದಿನ ಜೊತೆಗೇ ದುಡಿಮೆಯ ಭಾರವೂ ಹೆಗಲಿಗೆ ಬಿತ್ತು. ಮಂಗಳೂರಿನಲ್ಲಿ ಕನ್ನಡ ಕಲಿಸಿದರು, ಶಾಲಾ ಇನ್ಸ್‌ಪೆಕ್ಟರ್ ಆದರು, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾದರು. ನೌಕರಿ ಬಿಟ್ಟು ಸಾಹಿತಿಯಾಗುತ್ತೇನೆಂದು ಅವರು ಹೊರಡಲಿಲ್ಲ. ನೌಕರಿಯನ್ನೇ ಬರವಣಿಗೆಯ ಬಂಡವಾಳ ಮಾಡಿಕೊಂಡರು. ತರಗತಿಯಲ್ಲಿ ಮಕ್ಕಳು ಯಾವಾಗ ನಗುತ್ತಾರೆ, ಯಾವಾಗ ಆಕಳಿಸುತ್ತಾರೆ ಎಂಬುದನ್ನು ಕಣ್ಣಾರೆ ಕಂಡವರು ಅವರು. ಕೊಡಗಿನ ನಂಟಿನಿಂದ ಅವರ ಪ್ರಸಿದ್ಧ ಹುತ್ತರಿ ಹಾಡು ಹುಟ್ಟಿತು.

ಅವರ ಬರವಣಿಗೆ ಶುರುವಾದದ್ದು ಪತ್ರಿಕೆಯಲ್ಲಿ. 1900ರ ಹೊತ್ತಿಗೆ ಮಂಗಳೂರಿನ ‘ಸುವಾಸಿನಿ’ಯಲ್ಲಿ ‘ನನ್ನ ಚಿಕ್ಕ ತಾಯಿ’, ‘ಕಮಲಾಪುರದ ಹೋಟ್ಲಿನಲ್ಲಿ’ಯಂಥ ಬರಹಗಳು ಬಂದವು. ಕನ್ನಡದ ಸಣ್ಣಕಥೆಯ ಚರಿತ್ರೆ ಬರೆಯುವವರು ಇಂದಿಗೂ ಅವುಗಳಿಂದಲೇ ಆರಂಭಿಸುವುದುಂಟು. ಹರಟೆ, ಪ್ರಬಂಧ, ಕಥೆ ಬರೆದು ಪಳಗಿದ ಕೈ ಆಮೇಲೆ ಮಕ್ಕಳ ಕಡೆ ತಿರುಗಿತು. ಶಾಲೆಯ ಪಠ್ಯಗಳಿಗೆ ಪಾಠ ಬರೆದರು. ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ‘ಹಾವಿನ ಹಾಡು’, ‘ಮೂರು ಕರಡಿಗಳು’, ‘ಒಡ್ಡನ ಓಟ’, ‘ಸಿಗಡಿ ಯಾಕೆ ಒಣಗಲಿಲ್ಲ’ ಎಲ್ಲವೂ ಅವರವೇ. ಇಷ್ಟಾದರೂ ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’.

ಸಿಗಡಿಯ ಕಥೆಯನ್ನು ಈಗ ಓದಿದರೆ ನನಗೆ ಅದರೊಳಗೆ ಒಂದು ಚಿತ್ರಪುಸ್ತಕವೇ ಕಾಣುತ್ತದೆ. ಒಂದು ಪ್ರಶ್ನೆಯ ಬಾಲ ಹಿಡಿದು ಮತ್ತೊಂದು ಪ್ರಶ್ನೆ ಬರುತ್ತದೆ. ಪ್ರಶ್ನೆಗೊಂದು ಪುಟ, ಪುಟಕ್ಕೊಂದು ಚಿತ್ರ. ಮಗು ತಾನಾಗಿಯೇ ಹಾಳೆ ತಿರುವುತ್ತದೆ. ಕೌದಿಯ ಬಗ್ಗೆ ನಾನು ಬರೆದ ಲೇಖನವನ್ನೂ ಹೀಗೆ ಬಿಡಿಸಬಹುದು. ಈ ತುಂಡು ಯಾರ ಸೀರೆಯದು, ಆ ತುಂಡು ಯಾರ ಅಂಗಿಯದು ಎಂದು ಕೇಳುತ್ತ ಹೋದರೆ ಮನೆಮಂದಿಯೆಲ್ಲ ಕಥೆಯೊಳಗೆ ಬರುತ್ತಾರೆ.

ಪಂಜೆಯವರು ಮಹಾಕಾವ್ಯ ಬರೆದವರಲ್ಲ. ಆದರೂ 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಒಲಿಯಿತು. ಆ ಸಮ್ಮೇಳನ ನಡೆದದ್ದು ನಮ್ಮ ನೆರೆಯ ರಾಯಚೂರಿನಲ್ಲಿ. ಆಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ಉರ್ದು ಆಡಳಿತ ಭಾಷೆಯಾಗಿತ್ತು. ಅಂಥ ಕಡೆ ಕನ್ನಡಿಗರು ಮಕ್ಕಳ ಮೇಷ್ಟ್ರೊಬ್ಬರನ್ನು ಮುಂದೆ ಕೂರಿಸಿದ್ದು ಸಣ್ಣ ಮಾತಲ್ಲ. ಮಕ್ಕಳ ಬಾಯಲ್ಲಿ ಉಳಿದರೆ ತಾನೇ ಭಾಷೆ ಉಳಿಯುವುದು? ಮೂರು ವರ್ಷಗಳ ನಂತರ, 1937ರಲ್ಲಿ, ಅವರು ತೀರಿಕೊಂಡರು.

ಗೆಳೆಯರೇ, ನೌಕರಿಯೋ ಬರವಣಿಗೆಯೋ ಎಂದು ತಲೆ ಕೆಡಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಪಂಜೆಯವರ ಬದುಕು ನೋಡಿದ ಮೇಲೆ ನನಗೆ ಆ ಗೊಂದಲ ಉಳಿದಿಲ್ಲ. ಅನ್ನಕ್ಕೊಂದು ಕೆಲಸ ಬೇಕು, ಅದನ್ನು ಹುಡುಕುತ್ತೇನೆ. ಆ ಕೆಲಸ ಯಾವ ಊರಿಗೆ ಕರೆದೊಯ್ದರೂ ಅಲ್ಲಿನ ಕಸುಬು, ಮಾತು, ಮಕ್ಕಳ ನಗುವನ್ನು ಬರೆದಿಟ್ಟುಕೊಳ್ಳುತ್ತೇನೆ. ಪುಸ್ತಕ ತಡವಾಗಿ ಬಂದರೂ ಚಿಂತೆಯಿಲ್ಲ, ಓದುವ ಮಗುವಿಗೆ ಅದು ತನ್ನದೆನಿಸಬೇಕು.