ವಿಕ್ರಮ್ ಸಾರಾಭಾಯ್

ವಿಕ್ರಮ್ ಅಂಬಾಲಾಲ್ ಸಾರಾಭಾಯ್ (ಆಗಸ್ಟ್ 12, 1919 – ಡಿಸೆಂಬರ್ 30, 1971) ಭಾರತದ ಪ್ರಸಿದ್ಧ ಭೌತವಿಜ್ಞಾನಿ ಹಾಗೂ ಸಂಸ್ಥಾಪಕರು. ಇವರನ್ನು ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ಎಂದು ಕರೆಯಲಾಗುತ್ತದೆ. ವಿಶ್ವಕಿರಣಗಳ (ಕಾಸ್ಮಿಕ್ ಕಿರಣಗಳ) ಕುರಿತ ಇವರ ಸಂಶೋಧನೆ ಆರಂಭವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಚಂದ್ರನ ಮೇಲಿನ ಒಂದು ಕುಳಿಗೆ ಸಾರಾಭಾಯ್ ಅವರ ಹೆಸರನ್ನಿಡಲಾಗಿದೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವ ಪ್ರದೇಶದ ಸಮೀಪ ಇಳಿದ ಚಂದ್ರಯಾನ-3ರ ಲ್ಯಾಂಡರ್ 'ವಿಕ್ರಮ್' ಕೂಡ ಇವರ ಹೆಸರನ್ನೇ ಹೊತ್ತಿದೆ.

ಜನನ ಮತ್ತು ಕುಟುಂಬ

ಸಾರಾಭಾಯ್ ಅವರು ಗುಜರಾತಿನ ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲ್ ಸಾರಾಭಾಯ್ ಕ್ಯಾಲಿಕೊ ಬಟ್ಟೆ ಗಿರಣಿಯ ಒಡೆಯರಾಗಿದ್ದ ಉದ್ಯಮಿ, ತಾಯಿ ಸರಳಾದೇವಿ. ಈ ದಂಪತಿಗಳ ಎಂಟು ಮಕ್ಕಳಲ್ಲಿ ವಿಕ್ರಮ್ ಒಬ್ಬರು. ಸರಳಾದೇವಿಯವರು ಮಾಂಟೆಸರಿ ಪದ್ಧತಿಯನ್ನು ಅನುಸರಿಸಿ ಮನೆಯ ಆವರಣದಲ್ಲಿಯೇ ತಮ್ಮ ಮಕ್ಕಳಿಗಾಗಿ ಶಾಲೆಯೊಂದನ್ನು ನಡೆಸಿದರು. ಕುಟುಂಬಕ್ಕೆ ಸ್ವಾತಂತ್ರ್ಯ ಚಳವಳಿಯೊಂದಿಗೆ ನಿಕಟ ಸಂಬಂಧವಿತ್ತು. ಸೋದರತ್ತೆ ಅನಸೂಯಾ ಸಾರಾಭಾಯ್ ಅಹಮದಾಬಾದಿನ ಗಿರಣಿ ಕಾರ್ಮಿಕರ ನಾಯಕಿಯಾಗಿದ್ದರು. ಅಕ್ಕ ಮೃದುಲಾ ಸಾರಾಭಾಯ್ ಸ್ವಾತಂತ್ರ್ಯ ಹೋರಾಟಗಾರ್ತಿ. ಮಹಾತ್ಮ ಗಾಂಧಿ, ರವೀಂದ್ರನಾಥ ಠಾಕೂರ್ ಮೊದಲಾದವರು ಈ ಕುಟುಂಬಕ್ಕೆ ಪರಿಚಿತರಾಗಿದ್ದರು.

ಶಿಕ್ಷಣ

ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಓದಿದ ನಂತರ ಸಾರಾಭಾಯ್ ಅವರು ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರು. 1940ರಲ್ಲಿ ಅಲ್ಲಿ ಪ್ರಕೃತಿ ವಿಜ್ಞಾನದಲ್ಲಿ ಟ್ರೈಪಾಸ್ ಪದವಿ ಪಡೆದರು. ಎರಡನೆಯ ಮಹಾಯುದ್ಧ ಆರಂಭವಾಗಿದ್ದ ಕಾರಣ ಉನ್ನತ ಸಂಶೋಧನೆಯನ್ನು ಅಲ್ಲಿ ಮುಂದುವರಿಸಲಾಗದೆ ಭಾರತಕ್ಕೆ ಹಿಂತಿರುಗಿದರು.

ಬೆಂಗಳೂರಿನ ದಿನಗಳು

ಭಾರತಕ್ಕೆ ಮರಳಿದ ಸಾರಾಭಾಯ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನವನ್ನು ಕೈಗೊಂಡರು. ಯುದ್ಧದ ಕಾರಣದಿಂದಲೇ ಭಾರತದಲ್ಲಿ ಉಳಿದಿದ್ದ ಹೋಮಿ ಭಾಭಾ ಅವರೂ ಅದೇ ಅವಧಿಯಲ್ಲಿ ಅದೇ ಸಂಸ್ಥೆಯಲ್ಲಿ ವಿಶ್ವಕಿರಣಗಳ ಕುರಿತು ಸಂಶೋಧನೆ ನಡೆಸುತ್ತಿದ್ದರು. ಭಾರತದ ಪರಮಾಣು ಮತ್ತು ಬಾಹ್ಯಾಕಾಶ ಕಾರ್ಯಕ್ರಮಗಳನ್ನು ಮುಂದೆ ರೂಪಿಸಿದ ಇಬ್ಬರ ಒಡನಾಟ ಹೀಗೆ ಬೆಂಗಳೂರಿನಲ್ಲಿ ಬೆಳೆಯಿತು.

ವಿಶ್ವಕಿರಣಗಳು ಬಾಹ್ಯಾಕಾಶದಿಂದ ಭೂಮಿಯತ್ತ ಧಾವಿಸಿ ಬರುವ, ಅಧಿಕ ಶಕ್ತಿಯುಳ್ಳ ಕಣಗಳು. ಇವುಗಳ ತೀವ್ರತೆ ದಿನದ ಬೇರೆ ಬೇರೆ ಹೊತ್ತಿನಲ್ಲಿ ಹೇಗೆ ಬದಲಾಗುತ್ತದೆ ಎಂಬುದು ಸಾರಾಭಾಯ್ ಅವರ ಮುಖ್ಯ ಪ್ರಶ್ನೆಯಾಗಿತ್ತು. ಗೈಗರ್ ಗಣಕಗಳನ್ನು ಬಳಸಿ ನಡೆಸಿದ ಅಳತೆಗಳನ್ನು ಆಧರಿಸಿದ ಅವರ ಮೊದಲ ಪ್ರಬಂಧ 1942ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1943ರಲ್ಲಿ ಅವರು ಕಾಶ್ಮೀರದ ಎತ್ತರದ ಪ್ರದೇಶಗಳಿಗೆ ಉಪಕರಣಗಳನ್ನು ಒಯ್ದು ಅಲ್ಲಿಯೂ ಅಳತೆಗಳನ್ನು ಮಾಡಿದರು. ವಾಯುಮಂಡಲ ತೆಳುವಾಗಿರುವ ಎತ್ತರದ ತಾಣಗಳಲ್ಲಿ ಹೆಚ್ಚಿನ ಕಣಗಳು ಉಪಕರಣವನ್ನು ತಲುಪುತ್ತವೆ ಎಂಬುದು ಇದಕ್ಕೆ ಕಾರಣ.

1942ರಲ್ಲಿ ಸಾರಾಭಾಯ್ ಅವರ ವಿವಾಹವು ಶಾಸ್ತ್ರೀಯ ನೃತ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರೊಂದಿಗೆ ನೆರವೇರಿತು. ಇವರಿಗೆ ಕಾರ್ತಿಕೇಯ ಮತ್ತು ಮಲ್ಲಿಕಾ ಎಂಬ ಇಬ್ಬರು ಮಕ್ಕಳು. ಮಲ್ಲಿಕಾ ಸಾರಾಭಾಯ್ ಹೆಸರಾಂತ ನೃತ್ಯ ಕಲಾವಿದೆಯಾಗಿದ್ದಾರೆ.

ಭೌತಿಕ ಸಂಶೋಧನಾ ಪ್ರಯೋಗಾಲಯ

ಯುದ್ಧ ಮುಗಿದ ನಂತರ 1945ರಲ್ಲಿ ಕೇಂಬ್ರಿಜ್‌ಗೆ ಮರಳಿದ ಸಾರಾಭಾಯ್ ಅವರು ಉಷ್ಣವಲಯದ ಅಕ್ಷಾಂಶಗಳಲ್ಲಿ ನಡೆಸಿದ ವಿಶ್ವಕಿರಣ ಸಂಶೋಧನೆಗಾಗಿ 1947ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅದೇ ವರ್ಷ ನವೆಂಬರ್ 11ರಂದು ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯವನ್ನು (ಪಿಆರ್‌ಎಲ್) ಸ್ಥಾಪಿಸಿದರು. ಆಗ ಅವರ ವಯಸ್ಸು 28. ಹವಾಮಾನ ವಿಜ್ಞಾನಿ ಕೆ. ಆರ್. ರಾಮನಾಥನ್ ಇದರ ಮೊದಲ ನಿರ್ದೇಶಕರಾದರು. ವಿಶ್ವಕಿರಣಗಳು ಮತ್ತು ವಾಯುಮಂಡಲದ ಮೇಲ್ಪದರಗಳು ಪ್ರಯೋಗಾಲಯದ ಆರಂಭಿಕ ಅಧ್ಯಯನ ವಿಷಯಗಳಾಗಿದ್ದವು.

ವಿಶ್ವಕಿರಣಗಳ ಏರಿಳಿತವನ್ನು ಅಳೆದರೆ ಸೂರ್ಯನ ಚಟುವಟಿಕೆಯನ್ನೂ ಗ್ರಹಗಳ ನಡುವಣ ಅವಕಾಶದ ಕಾಂತಕ್ಷೇತ್ರವನ್ನೂ ಅರಿಯಬಹುದು ಎಂಬುದು ಸಾರಾಭಾಯ್ ಅವರ ಸಂಶೋಧನೆಯ ತಿರುಳು. ಇಂತಹ ಅಧ್ಯಯನಕ್ಕೆ ಭೂಮಿಯ ವಾಯುಮಂಡಲ ಮತ್ತು ಕಾಂತಕ್ಷೇತ್ರಗಳು ಅಡ್ಡಿಯಾಗುತ್ತವೆ. ಉಪಕರಣಗಳನ್ನು ವಾಯುಮಂಡಲದ ಆಚೆಗೆ ಕಳುಹಿಸಬೇಕೆಂಬ ಅಗತ್ಯ ಅವರನ್ನು ರಾಕೆಟ್‌ಗಳತ್ತ ಕರೆದೊಯ್ಯಿತು. ಉಡುಪಿ ಜಿಲ್ಲೆಯ ಅದಮಾರಿನವರಾದ ಯು. ಆರ್. ರಾವ್ ಇಲ್ಲಿ ಸಾರಾಭಾಯ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಸಂಶೋಧನೆ ನಡೆಸಿದರು.

ಇತರ ಸಂಸ್ಥೆಗಳು

ಸಾರಾಭಾಯ್ ಅವರ ಸಂಸ್ಥೆ ಕಟ್ಟುವ ಕೆಲಸ ಭೌತವಿಜ್ಞಾನಕ್ಕೆ ಸೀಮಿತವಾಗಿರಲಿಲ್ಲ. ಜವಳಿ ಉದ್ಯಮಕ್ಕೆ ವೈಜ್ಞಾನಿಕ ನೆರವು ನೀಡುವ ಅಹಮದಾಬಾದ್ ಜವಳಿ ಉದ್ಯಮ ಸಂಶೋಧನಾ ಸಂಘವನ್ನು ಸ್ಥಾಪಿಸಿ, 1956ರವರೆಗೆ ಅದರ ಗೌರವ ನಿರ್ದೇಶಕರಾಗಿದ್ದರು. 1949ರಲ್ಲಿ ಮೃಣಾಲಿನಿಯವರೊಂದಿಗೆ ದರ್ಪಣ ಕಲಾ ಅಕಾಡೆಮಿಯನ್ನು ಆರಂಭಿಸಿದರು. 1961ರಲ್ಲಿ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸ್ಥಾಪನೆಯಲ್ಲಿ ಮುಖ್ಯ ಪಾತ್ರ ವಹಿಸಿದರು. ವಿದ್ಯಾರ್ಥಿಗಳು ಮತ್ತು ಜನಸಾಮಾನ್ಯರಲ್ಲಿ ವಿಜ್ಞಾನದ ಆಸಕ್ತಿ ಬೆಳೆಸಲು ಸಮುದಾಯ ವಿಜ್ಞಾನ ಕೇಂದ್ರವನ್ನು ತೆರೆದರು.

ಬಾಹ್ಯಾಕಾಶ ಕಾರ್ಯಕ್ರಮ

1962ರಲ್ಲಿ ಸಾರಾಭಾಯ್ ಅವರ ಅಧ್ಯಕ್ಷತೆಯಲ್ಲಿ ಭಾರತೀಯ ರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಮಿತಿ ರಚನೆಯಾಯಿತು. ರಾಕೆಟ್ ಉಡಾವಣೆಗಾಗಿ ಭೂಮಿಯ ಕಾಂತೀಯ ಸಮಭಾಜಕದ ಸಮೀಪದಲ್ಲಿರುವ ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಲಾಯಿತು. ಅಲ್ಲಿನ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನ ಕಟ್ಟಡವನ್ನು ಕ್ರೈಸ್ತ ಸಮುದಾಯ ವಿಜ್ಞಾನಿಗಳಿಗೆ ಬಿಟ್ಟುಕೊಟ್ಟಿತು. 1963ರ ನವೆಂಬರ್ 21ರಂದು ಅಮೆರಿಕದಿಂದ ದೊರೆತ ನೈಕಿ-ಅಪಾಚೆ ರಾಕೆಟ್ ತುಂಬಾದಿಂದ ಮೇಲೇರಿತು. ನಾಲ್ಕು ವರ್ಷಗಳ ನಂತರ, 1967ರ ನವೆಂಬರ್‌ನಲ್ಲಿ, ಭಾರತದಲ್ಲಿಯೇ ನಿರ್ಮಿಸಿದ ರೋಹಿಣಿ-75 ರಾಕೆಟ್ ಹಾರಿತು.

1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ದುರಂತದಲ್ಲಿ ನಿಧನರಾದಾಗ, ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಸ್ಥಾನವೂ ಸಾರಾಭಾಯ್ ಅವರಿಗೆ ಬಂದಿತು. ಎರಡೂ ಹೊಣೆಗಳನ್ನು ಅವರು ಕೊನೆಯವರೆಗೂ ಒಟ್ಟಿಗೆ ನಿರ್ವಹಿಸಿದರು. 1969ರ ಆಗಸ್ಟ್ 15ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೊ) ಅಸ್ತಿತ್ವಕ್ಕೆ ಬಂದಿತು.

ಚಂದ್ರಾನ್ವೇಷಣೆಯ ಕುರಿತ ನಿಲುವು

ಇಸ್ರೊ ಸ್ಥಾಪನೆಯಾದದ್ದು ಅಪೊಲೊ-11ರ ಗಗನಯಾತ್ರಿಗಳು ಚಂದ್ರನ ಮೇಲೆ ಇಳಿದ ಒಂದು ತಿಂಗಳೊಳಗೆ. ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಅವರು ಚಂದ್ರನ ಮೇಲೆ ಒಂದು ಕಂಪನಮಾಪಕವನ್ನೂ ಲೇಸರ್ ಪ್ರತಿಫಲಕವನ್ನೂ ಇರಿಸಿ ಬಂದಿದ್ದರು. ಬಳಿಕ 1972ರವರೆಗೆ ಚಂದ್ರನ ಮೇಲಿಳಿದ ಅಪೊಲೊ ಯಾತ್ರಿಗಳು ಇನ್ನೂ ಐದು ತಾಣಗಳಲ್ಲಿ ಚಂದ್ರಕಂಪನ, ನೆಲದೊಳಗಿನ ಉಷ್ಣಪ್ರವಾಹ, ಸೌರಮಾರುತ ಮೊದಲಾದವುಗಳನ್ನು ಅಳೆಯುವ ಉಪಕರಣಗಳನ್ನು ಸ್ಥಾಪಿಸಿದರು. ಈ ಐದು ತಾಣಗಳ ಉಪಕರಣಗಳಿಗೆ ಪ್ಲುಟೋನಿಯಮ್ ಆಧಾರಿತ ವಿದ್ಯುಜ್ಜನಕಗಳಿಂದ ಶಕ್ತಿ ದೊರೆಯುತ್ತಿತ್ತು. ಅವು ಸಾವಿರಾರು ಚಂದ್ರಕಂಪನಗಳನ್ನು ದಾಖಲಿಸಿದವು. 1977ರ ಸೆಪ್ಟೆಂಬರ್ 30ರಂದು ಇವುಗಳನ್ನು ಸ್ಥಗಿತಗೊಳಿಸಲಾಯಿತು. ವಿದ್ಯುತ್ತಿನ ಅಗತ್ಯವಿಲ್ಲದ ಲೇಸರ್ ಪ್ರತಿಫಲಕಗಳು ಮಾತ್ರ ಇಂದಿಗೂ ಬಳಕೆಯಲ್ಲಿವೆ. ಚಂದ್ರನು ಭೂಮಿಯಿಂದ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್‌ನಷ್ಟು ದೂರ ಸರಿಯುತ್ತಿರುವುದನ್ನು ಖಚಿತವಾಗಿ ಅಳೆದದ್ದು ಇವುಗಳ ನೆರವಿನಿಂದಲೇ.

ಬಡತನವಿರುವ ದೇಶಕ್ಕೆ ಬಾಹ್ಯಾಕಾಶ ಸಂಶೋಧನೆ ಏಕೆ ಬೇಕು ಎಂಬ ಪ್ರಶ್ನೆಯನ್ನು ಸಾರಾಭಾಯ್ ಅವರು ಎದುರಿಸಬೇಕಾಯಿತು. ಚಂದ್ರನನ್ನು ತಲುಪುವ ಅಥವಾ ಮಾನವಸಹಿತ ಯಾನ ಕೈಗೊಳ್ಳುವ ಸ್ಪರ್ಧೆಯಲ್ಲಿ ಶ್ರೀಮಂತ ರಾಷ್ಟ್ರಗಳೊಡನೆ ಪೈಪೋಟಿ ನಡೆಸುವ ಉದ್ದೇಶ ಭಾರತಕ್ಕಿಲ್ಲ ಎಂಬುದು ಅವರ ಸ್ಪಷ್ಟ ನಿಲುವಾಗಿತ್ತು. ಆದರೆ ದೇಶದ ನೈಜ ಸಮಸ್ಯೆಗಳಿಗೆ ಆಧುನಿಕ ತಂತ್ರಜ್ಞಾನವನ್ನು ಅನ್ವಯಿಸುವುದರಲ್ಲಿ ಭಾರತ ಯಾರಿಗೂ ಹಿಂದುಳಿಯಬಾರದು ಎಂದು ಅವರು ಪ್ರತಿಪಾದಿಸಿದರು. ಹವಾಮಾನ ಮುನ್ಸೂಚನೆ, ಸಂಪರ್ಕ, ಭೂಸಂಪನ್ಮೂಲಗಳ ಸಮೀಕ್ಷೆ ಮತ್ತು ಗ್ರಾಮೀಣ ಶಿಕ್ಷಣ ಅವರ ಆದ್ಯತೆಗಳಾಗಿದ್ದವು.

ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ತಲುಪಿಸುವ ಯೋಜನೆಗಾಗಿ 1969ರಲ್ಲಿ ನಾಸಾದೊಂದಿಗೆ ಒಪ್ಪಂದವಾಯಿತು. ಸೈಟ್ ಎಂದು ಹೆಸರಾದ ಈ ಪ್ರಯೋಗ ಸಾರಾಭಾಯ್ ಅವರ ಮರಣಾನಂತರ, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆಯಿತು. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದರ ವ್ಯಾಪ್ತಿಗೆ ಬಂದಿದ್ದವು.

ನಿಧನ

ತುಂಬಾ ಕೇಂದ್ರದ ಕಾರ್ಯನಿಮಿತ್ತ ತಿರುವನಂತಪುರಕ್ಕೆ ಬಂದಿದ್ದ ಸಾರಾಭಾಯ್ ಅವರು 1971ರ ಡಿಸೆಂಬರ್ 30ರಂದು ಕೋವಳಂನ ವಸತಿಗೃಹದಲ್ಲಿ ನಿದ್ರೆಯಲ್ಲಿಯೇ ನಿಧನರಾದರು. ಅವರಿಗೆ 52 ವರ್ಷ ವಯಸ್ಸಾಗಿತ್ತು. ಭಾರತದ ಮೊದಲ ಉಪಗ್ರಹವನ್ನು ನೋಡುವ ಅವಕಾಶ ಅವರಿಗೆ ದೊರೆಯಲಿಲ್ಲ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಾಣಗೊಂಡ ಆರ್ಯಭಟ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಉಡಾಯಿಸಲಾಯಿತು. 1972ರಲ್ಲಿ ಇಸ್ರೊ ಹೊಣೆ ಹೊತ್ತ ಸತೀಶ್ ಧವನ್ ಅವರ ಕಾಲದಲ್ಲಿ ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ನೆಲೆಗೊಂಡಿತು.

ಚಂದ್ರನ ಮೇಲೆ ಸಾರಾಭಾಯ್ ಹೆಸರು

ಸಾರಾಭಾಯ್ ಕುಳಿ: 1973ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಚಂದ್ರನ ಪ್ರಶಾಂತಿ ಸಾಗರ ಪ್ರದೇಶದಲ್ಲಿರುವ ಬೆಸೆಲ್-ಎ ಎಂಬ ಕುಳಿಗೆ ಸಾರಾಭಾಯ್ ಅವರ ಹೆಸರನ್ನಿಟ್ಟಿತು. ಇದರ ವ್ಯಾಸ ಸುಮಾರು 8 ಕಿಲೋಮೀಟರ್. 2020ರಲ್ಲಿ ಚಂದ್ರಯಾನ-2ರ ಕಕ್ಷಾನೌಕೆ ಈ ಕುಳಿಯ ಚಿತ್ರಗಳನ್ನು ಸೆರೆಹಿಡಿಯಿತು. ಕುಳಿಯ ಆಳ ಸುಮಾರು 1.7 ಕಿಲೋಮೀಟರ್ ಎಂದು ತಿಳಿದುಬಂದಿತು. ಇದರ ಪೂರ್ವಕ್ಕೆ 250ರಿಂದ 300 ಕಿಲೋಮೀಟರ್ ದೂರದಲ್ಲಿ ಅಪೊಲೊ-17 ಹಾಗೂ ಸೋವಿಯತ್ ಒಕ್ಕೂಟದ ಲೂನಾ-21 ನೌಕೆಗಳು ಇಳಿದ ತಾಣಗಳಿವೆ. ಅಪೊಲೊ-17ರ ಯಾತ್ರಿಗಳು ಬಿಟ್ಟುಬಂದ ಉಷ್ಣಪ್ರವಾಹ ಮಾಪಕ ಮೊದಲಾದ ಉಪಕರಣಗಳೂ, ಲೂನಾ-21 ಒಯ್ದ ಲೂನೊಖೋದ್-2 ವಾಹನದ ಲೇಸರ್ ಪ್ರತಿಫಲಕವೂ ಅಲ್ಲಿಯೇ ಇವೆ.

ವಿಕ್ರಮ್ ಲ್ಯಾಂಡರ್: ಚಂದ್ರಯಾನ-2ರ ಲ್ಯಾಂಡರ್‌ಗೂ ವಿಕ್ರಮ್ ಎಂದೇ ಹೆಸರಿಡಲಾಗಿತ್ತು. ಅದು 2019ರ ಸೆಪ್ಟೆಂಬರ್ 7ರಂದು ಇಳಿಯುವ ಅಂತಿಮ ಹಂತದಲ್ಲಿ ಚಂದ್ರನ ಮೇಲ್ಮೈಗೆ ಅಪ್ಪಳಿಸಿತು. ಚಂದ್ರಯಾನ-3ರ ವಿಕ್ರಮ್ ಯಶಸ್ವಿಯಾಗಿ ಇಳಿದು, ಸೆಪ್ಟೆಂಬರ್ 4ರಂದು ನಿದ್ರಾಸ್ಥಿತಿಗೆ ಹೋಗುವವರೆಗೆ ಪ್ರಯೋಗಗಳನ್ನು ನಡೆಸಿತು. ಅದರಲ್ಲಿದ್ದ ಚಾಸ್ಟೆ ಎಂಬ ಉಪಕರಣ ಚಂದ್ರನ ಮಣ್ಣಿನೊಳಗೆ ಇಳಿದು ಉಷ್ಣಾಂಶವನ್ನು ಅಳೆಯಿತು. ಇದನ್ನು ಸಾರಾಭಾಯ್ ಅವರು ಸ್ಥಾಪಿಸಿದ ಭೌತಿಕ ಸಂಶೋಧನಾ ಪ್ರಯೋಗಾಲಯ ಮತ್ತು ಅವರ ಹೆಸರಿನ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ಜೊತೆಗೂಡಿ ರೂಪಿಸಿದ್ದವು. ಕಂಪನಗಳನ್ನು ಗುರುತಿಸುವ ಇಲ್ಸಾ ಉಪಕರಣ ಸಿದ್ಧವಾದದ್ದು ಬೆಂಗಳೂರಿನ ವಿದ್ಯುತ್-ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯದಲ್ಲಿ.

ಲ್ಯಾಂಡರ್‌ನ ಮೇಲೆ ನಾಸಾ ಒದಗಿಸಿದ, ಎಂಟು ಪ್ರತಿಫಲಕಗಳುಳ್ಳ ಪುಟ್ಟ ಸಾಧನವೂ ಇದೆ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ನಾಸಾದ ನೌಕೆಯೊಂದು ಸುಮಾರು 100 ಕಿಲೋಮೀಟರ್ ದೂರದಿಂದ ಕಳುಹಿಸಿದ ಲೇಸರ್ ಬೆಳಕು ಇದರಿಂದ ಪ್ರತಿಫಲಿಸಿ ಹಿಂತಿರುಗಿತು. ಲ್ಯಾಂಡರ್‌ನ ಉಳಿದ ಉಪಕರಣಗಳು ಮೌನವಾಗಿದ್ದರೂ ಅಪೊಲೊ ಪ್ರತಿಫಲಕಗಳಂತೆ ಇದು ಸ್ಥಾನಸೂಚಕವಾಗಿ ಉಳಿದಿದೆ.

ಚಿತ್ರದುರ್ಗ ಜಿಲ್ಲೆಯೊಂದಿಗಿನ ನಂಟು

ವಿಕ್ರಮ್ ಲ್ಯಾಂಡರ್‌ನ ಸಿದ್ಧತೆಯ ಒಂದು ಭಾಗ ನಡೆದದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಹಿರಿಯೂರಿಗೆ ನೆರೆಯ ತಾಲ್ಲೂಕಾದ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ನೆಲವನ್ನು ಹೋಲುವ ಕೃತಕ ಕುಳಿಗಳನ್ನು ತೋಡಿಸಿತು. ಲ್ಯಾಂಡರ್‌ನ ಸಂವೇದಕಗಳನ್ನು ಅಳವಡಿಸಿದ ವಿಮಾನವನ್ನು ಈ ಕುಳಿಗಳ ಮೇಲೆ ಹಾರಿಸಿ, ಅವು ಎತ್ತರವನ್ನೂ ನೆಲದ ಏರುತಗ್ಗುಗಳನ್ನೂ ಸರಿಯಾಗಿ ಗುರುತಿಸುತ್ತವೆಯೇ ಎಂದು ಪರೀಕ್ಷಿಸಲಾಯಿತು. ಸಾರಾಭಾಯ್ ಅವರು ಸಂಶೋಧನೆ ಆರಂಭಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೂ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ಇಲ್ಲಿನ ವಿವಿಧ ವೈಜ್ಞಾನಿಕ ಮತ್ತು ರಕ್ಷಣಾ ಯೋಜನೆಗಳಿಗೆ ನೀಡಲಾದ ಭೂಮಿ ಬಹುಮಟ್ಟಿಗೆ ಅಮೃತಮಹಲ್ ಕಾವಲುಗಳಿಗೆ ಸೇರಿದ ಹುಲ್ಲುಗಾವಲು. ದನಕುರಿಗಳ ಮೇವಿಗೆ ಇವನ್ನೇ ನಂಬಿದ್ದ ಗ್ರಾಮಸ್ಥರು ಹಾಗೂ ಪರಿಸರ ಕಾರ್ಯಕರ್ತರು ಇದನ್ನು ವಿರೋಧಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಜ್ಞಾನದ ಫಲ ಜನಸಾಮಾನ್ಯರಿಗೆ ತಲುಪಬೇಕೆಂಬ ಸಾರಾಭಾಯ್ ಅವರ ಆಶಯದ ಹಿನ್ನೆಲೆಯಲ್ಲಿ ಈ ಪ್ರಶ್ನೆ ಮಹತ್ವದ್ದಾಗಿದೆ.

ಪ್ರಶಸ್ತಿ ಮತ್ತು ಗೌರವಗಳು

ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ – 1962
ಪದ್ಮಭೂಷಣ – 1966
ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಹಾಸಮ್ಮೇಳನದ ಅಧ್ಯಕ್ಷತೆ – 1970
ಪದ್ಮವಿಭೂಷಣ (ಮರಣೋತ್ತರ) – 1972
ತುಂಬಾ ಮತ್ತು ತಿರುವನಂತಪುರದ ಬಾಹ್ಯಾಕಾಶ ಘಟಕಗಳಿಗೆ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ಎಂಬ ಹೆಸರು – 1972